ಸಂಗ್ರಹಿಸಿದವರ ಹೆಸರು

ಮನೆ ಬದಲಿಸುವಾಗ ಅಟ್ಟದಿಂದ ಇಳಿದ ರಟ್ಟಿನ ಪೆಟ್ಟಿಗೆಯಲ್ಲಿ,
ಮಿಕ್ಸಿಯ ಹಳೇ ಜಾರಿನ ಕೆಳಗೆ,
ನಿನ್ನ ಹರ್ಬೇರಿಯಂ.
ಇಪ್ಪತ್ತೈದು ಹಾಳೆ. ಜಿರಲೆ ತಿಂದದ್ದು ಎರಡು.
ಪ್ಯಾಕರ್ಸ್ ಹುಡುಗ ಕೇಳಿದ:
"ಇದು ಬಿಸಾಕೋದಾ ಮೇಡಂ?"

ಸಂಪಂಗಿ,
ಹುಡುಗನಿಗೆ ಹೂವಿನ ಹೆಸರೆಂದು ಮೊದಲ ದಿನ
ಇಡೀ ಬಾಟನಿ ಕ್ಲಾಸು ನಕ್ಕಿತ್ತು. ನೀನೂ ನಕ್ಕೆ.
"ನಮ್ಮ ತಾತಂದು" ಅಂದೆ,
ಹೆಸರೋ ಹೂವೋ ಹೇಳಲಿಲ್ಲ.
"ನನ್ನ ಹೆಸರಿನ ಕೆರೆ ಮುಚ್ಚಿ ಸ್ಟೇಡಿಯಂ ಕಟ್ಟವ್ರೆ,
ಒಂದಿನ ಹೋಗಿ ಬಾಡಿಗೆ ಕೇಳ್ಬೇಕು" ಅಂತ
ಕಾರ್ಪೊರೇಷನ್ ಸ್ಟಾಪಿನಲ್ಲಿ ಬಸ್ಸು ಬರುವ ತನಕ ಲೆಕ್ಕ ಹಾಕುತ್ತಿದ್ದೆ:
ಎಕರೆಗಿಷ್ಟು, ವರ್ಷಕ್ಕಿಷ್ಟು,
ನಿನಗೂ ಕೊಡ್ತೀನಿ ಬಿಡು ಕಾಲುಭಾಗ.

ನಾನು ಲ್ಯಾಟಿನ್ ಬಾಯಿಪಾಠ ಮಾಡಿ ಬರುತ್ತಿದ್ದೆ.
ನೀನು ಸಿದ್ದಾಪುರದ ನರ್ಸರಿಯಿಂದ
ಉಗುರಲ್ಲಿ ಕೆಮ್ಮಣ್ಣು ಇಟ್ಟುಕೊಂಡೇ ಬರುತ್ತಿದ್ದೆ.
ಲಾಲ್‌ಬಾಗಿನ ಗೋಡೆಯಾಚೆ ನಾಲ್ಕು ಗುಂಟೆ,
ಅಪ್ಪ, ಅಜ್ಜಿ, ಸಾವಿರ ಕುಂಡ.
ನಾನು ಫೈಲಾಂಥಸ್ ಅಂದರೆ ನೀನು ನೆಲನೆಲ್ಲಿ.
ನಾನು ಅದರ ಫ್ಯಾಮಿಲಿ ಹೇಳಿದರೆ
ನೀನು ಅದು ಯಾರ ಮನೆ ಮೋರಿ ಪಕ್ಕ ಬೆಳೆದಿದೆ ಅಂತ ಹೇಳುತ್ತಿದ್ದೆ.

ಹನ್ನೆರಡನೇ ಹಾಳೆ ಅದೇ.
ಎಲೆಯಡಿ ಸಾಲಾಗಿ ಕಾಯಿ, ಸಾಸಿವೆಗಿಂತ ತುಸು ದಪ್ಪ,
ಮೂವತ್ತೆರಡು ವರ್ಷದ ಮೇಲೂ ಉದುರಿಲ್ಲ.
ಸ್ಥಳ: ವಿಲ್ಸನ್ ಗಾರ್ಡನ್, ಹನ್ನೊಂದನೇ ಕ್ರಾಸ್, ಚರಂಡಿ ಅಂಚು.
ಉಪಯೋಗ: ಕಾಮಾಲೆಗೆ.
ಗುಂಡಗಿನ ಅಕ್ಷರ, ಎಷ್ಟು ಒತ್ತಿ ಬರೆಯುತ್ತಿದ್ದೆಯೆಂದರೆ
ಹಾಳೆಯ ಬೆನ್ನಲ್ಲೂ ಬೆರಳಿಗೆ ತಗಲುತ್ತದೆ.

ಆರು ವಾರಕ್ಕೆ ನಿನ್ನ ಕಣ್ಣೇ ಹಳದಿ.
ಅಜ್ಜಿ ಅದನ್ನೇ ಅರೆದು ಮಜ್ಜಿಗೆಯಲ್ಲಿ ಕೊಟ್ಟಳು, ಏಳು ದಿನ.
ವಿಕ್ಟೋರಿಯಾಕ್ಕೆ ಸೇರಿಸಿದ್ದು ಎಂಟನೆಯ ದಿನ.
ನಾನು ಮೋಸಂಬಿ ತಂದೆ. ನೀನು ಮೂಸಿ,
"ರುಟೇಸಿ" ಅಂದೆ.
ಮೊದಲ ಸಲ ನಿನ್ನ ಬಾಯಲ್ಲಿ ಲ್ಯಾಟಿನ್.
ಸರಿಯಾಗಿತ್ತು.

ಮಣ್ಣಿಗೆ ಹೆಂಗಸರು ಬರಬಾರದೆಂದರು,
ಕುಂಡಗಳ ನಡುವೆ ನಿಂತಿದ್ದೆ.
ಯಾರೋ ಕೇಳಿದರು, "ಈಯಮ್ಮ ಯಾರು?"
ಕ್ಲಾಸ್‌ಮೇಟ್ ಅಂದೆ.
ಅವರು ಇನ್ನೊಂದು ಉತ್ತರಕ್ಕೆ ಸ್ವಲ್ಪ ಹೊತ್ತು ಕಾದರು.
ನಾನೂ ಕಾದೆ. ಇರಲಿಲ್ಲ.
ಗಿಡಗಳಿಗೆ ಅವತ್ತು ಯಾರೂ ನೀರು ಹಾಕಿಲ್ಲವೆಂದು ಹೊಳೆದು
ಬಕೆಟ್ಟು ಹುಡುಕಿದೆ.
ನಿನ್ನಜ್ಜಿ ಬಾಗಿಲಲ್ಲಿ ಕೂತಲ್ಲಿಂದಲೇ,
"ಬುಡಕ್ಕೆ ಹಾಕವ್ವ. ಎಲೆ ಮೇಲೆ ಬೇಡ."

ನಿನ್ನದು ಹದಿನೆಂಟೇ ಹಾಳೆ ಆಗಿತ್ತು.
ಉಳಿದ ಏಳನ್ನು ನಾನು ತಂದೆ,
ಯಾಕೆಂದು ಆಗಲೂ ಗೊತ್ತಿರಲಿಲ್ಲ.
ತುಂಬೆ, ಉತ್ತರಾಣಿ, ಮುಟ್ಟಿದರೆ ಮುನಿ,
ಟೆಲಿಫೋನ್ ಡೈರೆಕ್ಟರಿಯ ನಡುವೆ ಇಟ್ಟು
ಮೇಲೆ ಅಮ್ಮನ ಗುಂಡುಕಲ್ಲು.
ಸಂಗ್ರಹಿಸಿದವರ ಹೆಸರು ಎಂಬಲ್ಲಿ
ನಿನ್ನ ಅಕ್ಷರ ಕದ್ದು ಬರೆದೆ: ಎಂ. ಸಂಪಂಗಿ.
ದಿನಾಂಕ ಮಾತ್ರ ಸುಳ್ಳು ಹಾಕಲಾಗಲಿಲ್ಲ.

ಅಲಮೇಲು ಮೇಡಂ ಒಂದೊಂದೇ ಹಾಳೆ ತಿರುವಿದರು.
ಹತ್ತೊಂಬತ್ತಕ್ಕೆ ಬಂದಾಗ
ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ, ಮತ್ತೆ ಹಾಕಿಕೊಂಡು
ಏಳಕ್ಕೂ ಸಹಿ ಮಾಡಿದರು.
ಇಪ್ಪತ್ತೊಂದರಲ್ಲಿ ಸ್ಪೆಲಿಂಗ್ ತಿದ್ದಿದ್ದಾರೆ, ಕೆಂಪಿನಲ್ಲಿ.

ಈಗ ನೋಡಿದರೆ ನಿನ್ನದು ಯಾವುದು, ನನ್ನದು ಯಾವುದು
ನನಗೇ ಗುರುತು ಸಿಗುತ್ತಿಲ್ಲ, ಅಷ್ಟು ಚೆನ್ನಾಗಿ ಕದ್ದಿದ್ದೇನೆ.
ಬೆನ್ನು ಸವರಿದರೆ ಮಾತ್ರ ತಿಳಿಯುತ್ತದೆ.
ಹದಿನೆಂಟರವರೆಗೆ ಉಬ್ಬು.
ಆಮೇಲೆ ನುಣುಪು.

"ಮೇಡಂ, ಲೋಡ್ ಆಗ್ತಾ ಇದೆ."
ಬಿಸಾಕೋದಲ್ಲ ಅಂದೆ.
"ಮೇಲೆ ಏನಂತ ಬರೀಲಿ?"
ನಾನು ಬಾಯಿ ತೆರೆಯುವಷ್ಟರಲ್ಲಿ
ಅವನೇ ಒಳಗೆ ಇಣುಕಿ ಮಾರ್ಕರಿನಲ್ಲಿ ಬರೆದ:
ಎಲೆ, 1.
ಎರಡನೆಯ ಪೆಟ್ಟಿಗೆ ಇಲ್ಲವೆಂದು
ನಾನು ಹೇಳಲಿಲ್ಲ.