ಮೀನುಕಟ್ಟೆಯ ಐಸು

ಕೆಯ್ಯೋನ್ ಬಂದರಿನ ಪುಟ್ಟ ಆಸ್ಪತ್ರೆ, ರಾತ್ರಿ ಪಾಳಿ.
"ನಿನ್ನೆಯಿಂದ ಮೊಲೆ ಬೇಡ ಅಂತಾಳೆ, ಸುಮ್ಮನೆ ಬೆವರ್ತಾಳೆ,
ಹೊಟ್ಟೆನೋವಿರಬೇಕು, ಅಲ್ವಾ?" ಅಂದಳು ಯಾಸ್ನಾ.

ಎರಡು ತಿಂಗಳ ಕೂಸು. ತುಟಿ ಬೂದಿ ಬಣ್ಣ.
ಎದೆಗೆ ಕಿವಿಗೊಟ್ಟೆ, ಎಣಿಕೆಗೇ ಸಿಗಲಿಲ್ಲ:
ಬಟ್ಟೆಯಿಲ್ಲದೆ ಓಡುವ ಹೊಲಿಗೆ ಯಂತ್ರದ ಸೂಜಿ.
ಪರದೆ ಹೇಳಿತು, ಇನ್ನೂರ ಎಂಬತ್ತೆರಡು.
ಜ್ವರದ ಎದೆಯಾದರೆ ಅತ್ತಾಗ ಏರೀತು, ಮಲಗಿದಾಗ ಇಳಿದೀತು;
ಇದು ಏರದು, ಇಳಿಯದು.

ನಮ್ಮ ಫ್ರಿಜ್ಜು ಕೆಟ್ಟು ವಾರವಾಗಿತ್ತು.
ನೋಲ್ಫಾ ಮನೆಚಪ್ಪಲಿಯಲ್ಲೇ ಮೀನುಕಟ್ಟೆಗೆ ಓಡಿ
ಪುಡಿ ಐಸು ತಂದಳು, ಚೀಲದ ತುಂಬ, ಕಡಲ ವಾಸನೆ ಸಮೇತ.
ಹಣೆ, ಕಣ್ಣು ಮುಚ್ಚುವಂತೆ ಇಟ್ಟೆ, ಉಸಿರಿಗೆ ದಾರಿ ಬಿಟ್ಟು.
ತಣ್ಣೀರಲ್ಲಿ ಮುಳುಗಿದೆನೆಂದು ನಂಬಿ
ಎದೆ ನಿಧಾನಿಸಬೇಕಿತ್ತು.
ಹದಿನೈದು ಎಣಿಸಿದೆ.
ಒಂದು ಚಣ ತಡವರಿಸಿತು. ಮತ್ತೆ ಓಟ.

ಆಮೇಲೆ ಮೊಣಕೈಯ ನರ, ದಾರದಷ್ಟು.
ಅಡೆನೋಸಿನ್, ಬೆನ್ನಿಗೇ ಉಪ್ಪುನೀರು,
ಒಂದೇ ದಮ್ಮಿಗೆ ತಳ್ಳಬೇಕು.
ಯಾಸ್ನಾಗೆ ಮೊದಲೇ ಹೇಳಿದ್ದೆ:
"ಗೆರೆ ಚಪ್ಪಟೆಯಾಗುತ್ತೆ. ಹೆದರಬೇಡ."
ಹೆದರಿದ್ದು ನಾನು.

ಗೆರೆ
ಮಲಗಿತು.

ಹೊರಗೆ ಯಾವುದೋ ದೋಣಿಯ ಎಂಜಿನ್ನು
ಹತ್ತಿಕೊಳ್ಳದೆ ಕೆಮ್ಮುತ್ತಿತ್ತು.

ಒಂದು ಮಿಡಿತ. ಕಾದೆ. ಇನ್ನೊಂದು.
ನೂರ ನಲವತ್ತಾರು.
ಕೂಸು ಕಿರುಚಿತು, ಒಳ್ಳೇ ಸಿಟ್ಟಿನ ಅಳು;
ಗೋಡೆಗೊರಗಿದ್ದ ಯಾಸ್ನಾಳ ಅಂಗಿ
ಹಾಲಲ್ಲಿ ನೆನೆಯತೊಡಗಿತು.

ಬೆಳಗಾದರೆ ದೊಡ್ಡಾಸ್ಪತ್ರೆಗೆ ಹಡಗು, ಚೀಟಿ ಬರೆಯಬೇಕು.
ನೋಲ್ಫಾ ಕೂಸಿನ ಹುಬ್ಬಿಗಂಟಿದ್ದ ಹುರುಪೆಯೊಂದನ್ನು
ಉಗುರಿಂದ ಬಿಡಿಸಿ, ದೀಪಕ್ಕೆ ಹಿಡಿದು,
"ಮೆರ್ಲುಸಾ ಮೀನಿಂದು" ಎಂದಳು,
ಯಾರೂ ಕೇಳದಿದ್ದರೂ.