ಬೋರಲು ಬಿದ್ದ ಆರು

ಬೆಟಗೇರಿ ರೇಲ್ವೆ ಗೇಟಿನ ಹಂತ್ಯಾಕ
ಶಂಕರಸಾ ಅವರ ಪ್ರೆಸ್ ಇತ್ತು.
ಲಗ್ನಪತ್ರಿಕೆ, ಪಾವತಿ ಪುಸ್ತಕ, ಸತ್ತವರ ಹನ್ನೊಂದನೇ ದಿನದ ಕಾರ್ಡು.
ನಾನಲ್ಲಿ ಮೊಳೆ ಜೋಡಿಸಾಂವ,
ಹತ್ತೊಂಬತ್ತು ವರ್ಷ ಜಗತ್ತನ್ನ
ಕನ್ನಡಿಯೊಳಗಿನಂಗ ಉಲ್ಟಾ ಓದಿದಾಂವ.

ಒಂದು ಬ್ಯಾಸಗಿಗೆ ಬಂತು ಕನಸಿನ ಪುಸ್ತಕ, ಮೂವತ್ತೆರಡು ಪುಟದ್ದು.
ಹಾವು ಕಂಡರ ಏಳು, ಹೆಣ ಕಂಡರ ನಾಕು,
ಹಲ್ಲು ಉದುರಿದರ ಸೊನ್ನಿ,
ಸತ್ತ ಅತ್ತಿ ನಕ್ಕೋತ ಬಂದರ ಎರಡು, ಅಳಕೋತ ಬಂದರ ಮೂರು.
ಬರದಾಂವ ಅಡಿವೆಪ್ಪ ಮಾಸ್ತರ,
ಜನ್ಮದಾಗ ಎಂಟಾಣೆ ಓಸಿ ಆಡಿದಾಂವ ಅಲ್ಲ.
ಮಗಳ ಬಾಣಂತನದ ಖರ್ಚಿಗೆ ಬರದಿದ್ದ,
ಹೆಸರು ಹಾಕಬ್ಯಾಡ ಅಂದಿದ್ದ.
ಇದಕ್ಕೆಲ್ಲಾ ಆಧಾರ ಏನ್ರಿ ಸರ, ಅಂದೆ.
ವ್ಯಾಕರಣಕ್ಕರ ಏನೈತೋ, ಅಂದ.

ಮೊಳಿ ಬೆನ್ನಿಗೆ ಒಂದು ಕಚ್ಚು ಇರತೈತಿ,
ತಲಿ ಯಾವುದು ಕಾಲು ಯಾವುದು ಬೆರಳಿಗೆ ತಿಳೀಲಿ ಅಂತ.
ಕಣ್ಣು ಮುಚ್ಚಿದರೂ ನನ್ನ ಬೆರಳು ತಪ್ಪತಿರಲಿಲ್ಲ.
ಅವತ್ತ್ಯಾಕೋ ಮೀನಿನ ಸಾಲಿನಾಗ
ಆರು ಬೋರಲು ಬಿತ್ತು.
ಮೀನು ಕಂಡರ ಒಂಬತ್ತು.

ಕರಡು ಎರಡು ಎಳದಿದ್ದೆ.
ಒಂದಕ್ಕ ಮಾಸ್ತರ ಕೆಂಪು ಸುತ್ತು ಹಾಕಿದ, ನಾ ತಿದ್ದಿದೆ, ಆತು.
ಇನ್ನೊಂದು ಎಂದಿನಂಗ
ಗಿರಮಿಟ್ಟಿನ ಹುಸೇನಬಿ ಬುಟ್ಟಿಗೆ ಹೋತು.

ಅದರಾಗ ಎರಡು ಮಿರ್ಚಿ ಕಟ್ಟಿಸಿಕೊಂಡಾಂವ ನೇಕಾರ ದ್ಯಾಮಣ್ಣ.
ಮೀನು ಮುಟ್ಟದ ಮನಿತನ. ಆದರೂ ಹಿಂದಿನ ರಾತ್ರಿ
ಮಗ್ಗದ ಕುಣಿಯಾಗ ನೀರು ನಿಂತಿತ್ತಂತ,
ಕಾಲಿನ ಸಂದ್ಯಾಗ ಒಂದು ಮೀನು ಆಡತಿತ್ತಂತ.
ಎಣ್ಣಿ ಕುಡಿದ ಕಾಗದ ಬಲ್ಬಿಗೆ ಹಿಡಿದ.
ಸೀರಿ ಕೂಲಿಯೊಳಗಿನ ಹತ್ತು ರೂಪಾಯಿ ಹಚ್ಚಿದ.
ರಾತ್ರಿ ಕ್ಲೋಜ್ ಬಂತು: ಒಂಬತ್ತು.

ಹದಿನೈದು ದಿನಕ್ಕ ಪೇಡೆ ತಗೊಂಡು ಬಂದ,
ಕೊಂಡ ಪುಸ್ತಕ ಟೇಬಲ್ ಮ್ಯಾಲ ಒಗದ.
ಇದು ತಪ್ಪೈತ್ರಿ. ಮೀನಿಗೆ ಆರು ಅಂತೈತಿ.
ಖರೇ ಪುಸ್ತಕ ಕೊಡ್ರಿ ನನಗ, ಮೊದಲಿಂದು.
ಅದs ತಪ್ಪು ದ್ಯಾಮಣ್ಣ, ನನ್ನ ಕೈ ತಪ್ಪು, ಅಂದೆ.
ನಕ್ಕ. ಗುಟ್ಟು ಬಿಡದಾಂವನ್ನ ನೋಡಿ ನಗತಾರಲ್ಲ, ಹಂಗ.

ಆಮ್ಯಾಲ ವಾರಾ ಬರಾಕ ಹತ್ತಿದ.
ಕೆಟ್ಟ ಕಾಗದ ಐತೇನ್ರಿ?
ಲಗ್ನಪತ್ರಿಕೆಯಾಗ ಮುಹೂರ್ತ ತಪ್ಪಿದ್ದು,
ಪಾವತಿಯಾಗ ನಂಬರ ಹಾರಿದ್ದು,
ಎಲ್ಲಾ ಒಯ್ದು ಕಟ್ಟಿ ಮ್ಯಾಲ ಕುಂತು ಓದಾಂವ
ಒಂದೊಂದು ಒತ್ತು, ಒಂದೊಂದು ದೀರ್ಘ, ಶಾಯಿ ಹರಿದ ಚುಕ್ಕಿ ಸೈತ.
ಪುರಾಣ ಜೋಡಿಸೇನಿ, ನಾಟಕ ಜೋಡಿಸೇನಿ,
ನಾ ಜೋಡಿಸಿದ್ದನ್ನ ಹಂಗ ಓದಿದಾಂವನ್ನ
ಅಂವನ್ನ ಬಿಟ್ಟು ಕಾಣಲಿಲ್ಲ.

ಮತ್ತ ಗೆದ್ದನೇನು?
ಅದನ್ನ ಅವನ ಹೆಂಡ್ತಿ ಕಲ್ಲವ್ವ ಬಂದು ಹೇಳಿದಳು,
ನನಗಲ್ಲ, ಮೊಳೆ ಪೆಟಿಗಿ ಮುಂದ ನಿಂತು
ಒಂದೊಂದು ಖಾನೆಗೆ ಒಂದೊಂದು ಹೇಳಿದಳು:
ಬೆಂಡವಾಲಿ, ಬಿಂದಗಿ, ಹುಡುಗನ ಫೀ.

ಅವತ್ತು ಸಂಜಿಕೆ ನಾನು ಬೇಕಂತಲೇ
ಒಂದು ಆರು ಬೋರಲು ಜೋಡಿಸಿ, ಕರಡು ಎಳದು
ಅವನ ಕೈಯಾಗ ಇಟ್ಟೆ.
ತಗೋ, ಇದೊಂದು, ಸಾಕು ಮಾಡು.
ಭಾಳ ಹೊತ್ತು ನೋಡಿದ. ವಾಪಸ್ ಕೊಟ್ಟ.
ಇದು ನೀವು ಬೀಳಿಸಿದ್ದು, ಅಂದ. ಅದು ಬಿದ್ದದ್ದು.

ಪ್ರೆಸ್ ಮುಚ್ಚಿತು. ಮೊಳೆ ತೂಕಕ್ಕ ಹೋದವು.
ನನ್ನ ಪಾಲಿಗೆ ಬಂದ ರೊಕ್ಕದಾಗ
ನನ್ನವs ನಲವತ್ತು ಕವಿತೆ, ಕಂಪ್ಯೂಟರಿನ್ಯಾಗ,
ಮುನ್ನೂರು ಪ್ರತಿ ಹಾಕಿಸಿದೆ.
ಹನ್ನೊಂದು ಹೋಗ್ಯಾವ.
ಕಲ್ಲವ್ವ ಕೇಳಿದಳು, ಇದಕ್ಕೆಷ್ಟು ಹಚ್ಚೀರಿ ನೀವು?

ಹನ್ನೆರಡನೇದು ದ್ಯಾಮಣ್ಣಗ ಪುಗಸಟ್ಟೆ ಕೊಟ್ಟೆ.
ಕಣ್ಣು ಮಂಜಾಗ್ಯಾವ. ಪುಟದ ಮ್ಯಾಲ ಬೆರಳಾಡಿಸಿದ.
ಬೆರಳಿಗೇನೂ ಹತ್ತವಲ್ದಲ್ಲರಿ, ಅಂದ,
ತಪ್ಪೇನರ ಉಳದಾವೋ ಇಲ್ಲೋ ಇದರಾಗ?

ಇರಬೇಕು, ಅಂದೆ.
ಬಿಸಿಲಿಗೆ ಸರದು ಕುಂತ, ಮೊದಲನೇ ಪುಟ ತಗದ.