ಬರೀ ಗಾಳಿ

ಆ ಕಡತ ನನ್ನ ಮೇಜಿಗೆ ಏಳು ಸಲ ಬಂತು.
ಐದು ಸಲ ತಿರುಗಿಸಿ ಕಳಿಸಿದವ ನಾನೇ.
ಮೂರು ದರಪಟ್ಟಿಗಳಲ್ಲಿ ಯಂತ್ರದ ಹೆಸರು
ಮೂರು ನಮೂನೆ ಇತ್ತು. ಇಪ್ಪತ್ತೆರಡು ಲಕ್ಷದಲ್ಲಿ
ಸ್ಟೆಬಿಲೈಜರ್ ಸೇರಿದೆಯೋ ಇಲ್ಲವೋ ಸ್ಪಷ್ಟವಿರಲಿಲ್ಲ.
ಒಂದು ಸಲ ಮಾತ್ರ, ಸುಳ್ಳು ಯಾಕೆ,
ಸಂಜೆ ಆಗಿತ್ತು, ಮನೆಗೆ ಹೋಗಬೇಕಿತ್ತು.

ನೀಲಗಂಗಾ ಮೇಡಂ ಜಗಳಾಡಲಿಲ್ಲ.
ಕುರ್ಚಿ ಎಳೆದುಕೊಂಡು ಕೂತರು:
"ಇದು ಕಣ್ಣಿದ್ಧಂಗ್ರಿ, ತೋಳನೂರ.
ಮೂಸಿ ನೋಡಿ, ಬಣ್ಣ ನೋಡಿ
ಎಷ್ಟ ದಿನಾ ಅಂತ ಕಲಸೋದು?"
ಕಣ್ಣು ಭಾಳ ತುಟ್ಟಿ ಆತ್ರಿ, ಎಂದು ನಕ್ಕೆ.

ಅಷ್ಟರಲ್ಲಿ ಮೆಹಜಬೀನ ಎಂಬ ಹುಡುಗಿ
ತಿಕೋಟಾದ ದ್ರಾಕ್ಷಿ ಸಿಪ್ಪೆಯ ಮೇಣ ತೆಗೆದು
ಪುಟ್ಟ ಸೀಸೆಗಳನ್ನು ಊಟದ ಡಬ್ಬಿಯ ಹತ್ತಿಯಲ್ಲಿ ಮಲಗಿಸಿ
ವಿಜಯಪುರದಿಂದ ನಸುಕಿನ ಬಸ್ಸಿಗೆ ಧಾರವಾಡಕ್ಕೆ ಹೋಗುತ್ತಿದ್ದಳು.
ಅಲ್ಲಿ ಸಾಲು. ಸ್ಯಾಂಪಲ್ಲಿಗೆ ನಾನೂರು ರೂಪಾಯಿ.
ಕೊಲ್ಹಾರದ ಸೇತುವೆ ಹತ್ತಿರ ಡ್ರೈವರು ಒಮ್ಮೆ ಬ್ರೇಕು ಒತ್ತಿ
ಸೀಸೆ ಒಡೆದು
ಆರು ತಿಂಗಳನ್ನು ಹತ್ತಿ ಕುಡಿದುಬಿಟ್ಟಿತಂತೆ.
ಆ ದಿನದ ಪ್ರಯಾಣಭತ್ಯೆಯ ಬಿಲ್ಲೂ ನನ್ನ ಹತ್ತಿರ ಬಂತು.
ಟಿಕೆಟ್ ಒದ್ದೆಯಾಗಿ ಅಳಿಸಿದೆ ಎಂದು
ಕೆಂಪು ಶಾಯಿಯಲ್ಲಿ ಷರಾ ಬರೆದೆ.

ಈ ಆಷಾಢದಲ್ಲಿ ಪೆಟ್ಟಿಗೆ ಬಂತು.
ಆಡಿಟ್ಟಿಗೆ ಬೇಕಾದ ನಂಬರು ಬರೆದುಕೊಳ್ಳಲು ನಾನೂ ಹೋದೆ.
ಇಡೀ ವಿಭಾಗ ಸುತ್ತ ನಿಂತಿತ್ತು. ಅಟೆಂಡರ್ ಗುರಲಿಂಗ
ಯಂತ್ರಕ್ಕೆ ಕುಂಕುಮ ಹಚ್ಚಲು ಹೋಗಿ, ಬೈಸಿಕೊಂಡು,
ಮೇಜಿನ ಕಾಲಿಗೆ ಹಚ್ಚಿದ.

ಮೊದಲು ಏನೂ ಇಡಬಾರದಂತೆ.
ಬರೀ ಗಾಳಿಯನ್ನು ಓದಿಸಬೇಕು,
ಆಮೇಲೆ ಎಲ್ಲದರಲ್ಲೂ ಅದನ್ನು ಕಳೆಯಬೇಕು.
ಪರದೆಯ ಮೇಲೆ ಗೆರೆ ಹರಿಯಿತು, ಹರಿಯುತ್ತ
ಒಂದು ಕಡೆ ಬಾವಿಯ ಹಾಗೆ ಕುಸಿಯಿತು.
ಕೆಟ್ಟಿತೇನ್ರಿ, ವಾರಂಟಿ ಐತಿ! ಎಂದು ನಾನು.
ಮೆಹಜಬೀನ ತಿರುಗಿ ನೋಡದೆ ಹೇಳಿದಳು:
"ಅದು ನಮ್ಮ ಉಸುರು, ಸರ್.
ಎಲ್ಲಾರೂ ಇಷ್ಟು ಹತ್ತಿರ ನಿಂತೀವಲ್ಲ."

ಹಿಂದೆ ಸರಿದರು. ನಾನೂ ಸರಿದೆ,
ಗೋಡೆಗೆ ಬೆನ್ನು ತಾಗುವಷ್ಟು, ಉಸಿರು ಹಿಡಿದು.
ಎರಡನೇ ಗೆರೆಯಲ್ಲಿ ಬಾವಿ ತುಸು ತುಂಬಿತು,
ಪೂರಾ ಮುಚ್ಚಲಿಲ್ಲ.
ಇರಲಿ, ಕಳದ್ಬಿಡು, ಎಂದರು ಮೇಡಂ.

ದಾಸ್ತಾನು ಪುಸ್ತಕದಲ್ಲಿ ಬರೆದೆ:
ಯಂತ್ರ ಒಂದು. ಸುಸ್ಥಿತಿಯಲ್ಲಿದೆ.
ಷರಾ ಕಾಲಮ್ಮಿಗೆ ಏನು ಎಂದು ತೋಚದೆ
ಪೆನ್ನಿನ ಟೊಪ್ಪಿಗೆ ಕಚ್ಚುತ್ತ
ಬಾಗಿಲಾಚೆ ಸುಮಾರು ಹೊತ್ತು ನಿಂತಿದ್ದೆ.